ಡ್ರಾಯಿಂಗ್ ನೋಡಿ ದರ ಹೇಳುವ ತಂತ್ರಾಂಶ: ಮಾಚೇನಹಳ್ಳಿಯ ಅಂದಾಜು ವಿಭಾಗದಿಂದ ಒಂದು ವಿಮರ್ಶೆ

ಯಂತ್ರಭಾಗಗಳ ಡ್ರಾಯಿಂಗನ್ನು ಕಂಪ್ಯೂಟರ್ ವಿಷನ್ ತಂತ್ರದಿಂದ ಓದಿ, ಆ ಭಾಗವನ್ನು ತಯಾರಿಸಲು ತಗಲುವ ವೆಚ್ಚವನ್ನು ತಾನಾಗಿಯೇ ಲೆಕ್ಕ ಹಾಕಿ ಕೊಡುತ್ತೇವೆ ಎನ್ನುವ ತಂತ್ರಾಂಶಗಳು ಈಗ ನಮ್ಮಂತಹ ಮಧ್ಯಮ ಗಾತ್ರದ ಕಾರ್ಖಾನೆಗಳ ಬಾಗಿಲಿಗೂ ಬಂದಿವೆ. ಅಂತಹ ಒಂದನ್ನು ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯವರು ಕಳೆದ ಮಳೆಗಾಲದಲ್ಲಿ ವಾರ್ಷಿಕ ಚಂದಾ ಕಟ್ಟಿ ತೆಗೆದುಕೊಂಡರು. ಅಂದಾಜು ವಿಭಾಗದಲ್ಲಿ ಅದರ ಮುಂದೆ ದಿನವೂ ಕೂರುವವನು ನಾನು. ಮಾರಾಟಗಾರರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಬಗೆಯ ತಂತ್ರಾಂಶಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಕೆಲಸ ಮಾಡುವುದರಿಂದ, ಯಾವುದನ್ನು ಕೊಳ್ಳಲು ಹೊರಟವರಿಗೂ ಈ ಬರಹ ಉಪಯೋಗಕ್ಕೆ ಬಂದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡ್ರಾಯಿಂಗ್ ಓದಿಕೊಡುವ ಕೆಲಸಕ್ಕೆ ಇದಕ್ಕೆ ಹಣ ಕೊಡಬಹುದು, ದರ ಹೇಳುವ ಕೆಲಸಕ್ಕೆ ಕೊಡುವುದು ದಂಡ. ಇದು ಎಷ್ಟು ಬೇಗ ಉತ್ತರ ಕೊಡುತ್ತದೆ ಎಂಬುದಕ್ಕಿಂತ, ಕೊಟ್ಟ ಉತ್ತರವನ್ನು ಪರೀಕ್ಷಿಸಿ ಒಪ್ಪಲು ನಮಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಮೇಲೆಯೇ ಇದರ ಬೆಲೆ ಕಟ್ಟಬೇಕು.

ಹಿನ್ನೆಲೆ ಇಷ್ಟು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಈ ಸೀಮೆಗೆ ಲೋಹ ಕರಗಿಸುವ ಕೆಲಸ ಹೊಸದಲ್ಲ. ಶಿವಮೊಗ್ಗದ ಸುತ್ತಮುತ್ತ ಇಂದಿಗೂ ಫೌಂಡ್ರಿಗಳೂ ಅವುಗಳ ಎರಕವನ್ನು ಕಡೆದು ಮುಗಿಸಿಕೊಡುವ ಮೆಷಿನ್ ಶಾಪ್‌ಗಳೂ ಸಾಕಷ್ಟಿವೆ. ನಮ್ಮಲ್ಲಿ ಎರಡೂ ಇವೆ. ಪುಣೆ, ಚೆನ್ನೈ, ಕೊಯಮತ್ತೂರು ಕಡೆಯ ಗ್ರಾಹಕರು ಒಂದೇ ಮೇಲ್‌ನಲ್ಲಿ ಮೂವತ್ತು ನಲವತ್ತು ಡ್ರಾಯಿಂಗ್ ಕಳಿಸಿ, ಮೂರು ದಿನದೊಳಗೆ ಕೊಟೇಶನ್ ಬೇಕು ಎನ್ನುತ್ತಾರೆ. ಅವುಗಳಲ್ಲಿ ಆರ್ಡರ್ ಆಗಿ ಬರುವುದು ಕೆಲವೇ ಕೆಲವು. ಆದರೆ ಪ್ರತಿಯೊಂದನ್ನೂ ಕುಳಿತು ಓದಬೇಕು, ಅಳತೆಗಳನ್ನು ಪಟ್ಟಿ ಮಾಡಬೇಕು, ತೂಕ ಹಾಕಬೇಕು, ಯಾವ ಯಂತ್ರದಲ್ಲಿ ಎಷ್ಟು ಸೆಟ್ಟಿಂಗ್ (ಭಾಗವನ್ನು ಎಷ್ಟು ಸಲ ಹಿಡಿದು ಕೂರಿಸಬೇಕು) ಎಂದು ನಿರ್ಧರಿಸಬೇಕು. ನಡುತರದ ಒಂದು ಡ್ರಾಯಿಂಗಿಗೆ ಅನುಭವಸ್ಥನಿಗೂ ಮುಕ್ಕಾಲು ಗಂಟೆ ಬೇಕು. ಹೀಗಿರುವಾಗ, ಕೆಲವೇ ನಿಮಿಷಗಳಲ್ಲಿ ದರ ಕೊಡುತ್ತೇವೆ ಎಂಬ ಮಾತು ಮಾಲೀಕರ ಕಿವಿಗೆ ಹಿತವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ತಂತ್ರಾಂಶ ಡ್ರಾಯಿಂಗನ್ನು ಓದುವ ಬಗೆ ತಿಳಿದಿದ್ದರೆ ಅದು ಎಲ್ಲಿ ಎಡವುತ್ತದೆ ಎಂಬುದನ್ನು ಮೊದಲೇ ಊಹಿಸಬಹುದು. ನಮಗೆ ಬರುವ ಪಿಡಿಎಫ್‌ಗಳಲ್ಲಿ ಎರಡು ಜಾತಿ. ಕ್ಯಾಡ್‌ನಿಂದ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವ ತಂತ್ರಾಂಶದಿಂದ) ನೇರವಾಗಿ ತೆಗೆದ ಪಿಡಿಎಫ್‌ನಲ್ಲಿ ಗೆರೆ ಗೆರೆಯಾಗಿಯೇ ಉಳಿದಿರುತ್ತದೆ, ಅಕ್ಷರವೂ ಸಾಮಾನ್ಯವಾಗಿ ಅಕ್ಷರವಾಗಿಯೇ ಇರುತ್ತದೆ. ಸ್ಕ್ಯಾನ್ ಮಾಡಿದ್ದರಲ್ಲಿ ಎಲ್ಲವೂ ಬರೀ ಕಪ್ಪು ಬಿಳುಪು ಚುಕ್ಕೆಗಳು. ಇವೆರಡರ ನಡುವೆ ಮೂರನೆಯದೊಂದಿದೆ, ಅದೇ ಹೆಚ್ಚು ಮೋಸದ್ದು. ಆಟೋಕ್ಯಾಡ್‌ನ ಹಳೆಯ ಎಸ್‌ಎಚ್‌ಎಕ್ಸ್ ಬಗೆಯ ಅಕ್ಷರಗಳು ಪಿಡಿಎಫ್ ಆಗುವಾಗ ಸಣ್ಣ ಸಣ್ಣ ಗೆರೆಗಳಾಗಿ ಒಡೆದುಹೋಗುವುದರಿಂದ, ನೋಡಲು ಅಚ್ಚುಕಟ್ಟಾಗಿ ಕಾಣುವ ಹಾಳೆಯಲ್ಲಿಯೂ ಕಂಪ್ಯೂಟರಿಗೆ ಸಿಗುವ ಅಕ್ಷರ ಒಂದೂ ಇರುವುದಿಲ್ಲ. ಆಗ ಇಡೀ ಹಾಳೆಯನ್ನು ಚಿತ್ರವಾಗಿಸಿ, ಅಕ್ಷರಗಳನ್ನು ಕಣ್ಣಿನಿಂದ ಓದುವ ರೀತಿಯಲ್ಲಿಯೇ ಓದಬೇಕಾಗುತ್ತದೆ.

ಆ ಚಿತ್ರ ಎಷ್ಟು ದೊಡ್ಡದೆಂದರೆ, ಎ1 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ ಸುಮಾರು ಏಳು ಕೋಟಿ ಪಿಕ್ಸೆಲ್ ಆಗುತ್ತದೆ. ಚಿತ್ರದಲ್ಲಿ ವಸ್ತುಗಳನ್ನು ಗುರುತಿಸುವ ಯೋಲೋ ಮೊದಲಾದ ನ್ಯೂರಲ್ ಜಾಲಗಳು ಸಾಮಾನ್ಯವಾಗಿ ಒಮ್ಮೆಗೆ 640ಕ್ಕೆ 640 ಪಿಕ್ಸೆಲ್‌ನಂತಹ ಚಿಕ್ಕ ತುಣುಕನ್ನೇ ನೋಡುತ್ತವೆ. ಹಾಳೆಯನ್ನು ಹಾಗೆಯೇ ಕುಗ್ಗಿಸಿ ತುರುಕಿದರೆ ದಶಮಾಂಶದ ಚುಕ್ಕೆ ಅಳಿಸಿಯೇ ಹೋಗುತ್ತದೆ. ಅದಕ್ಕಾಗಿ ಹಾಳೆಯನ್ನು ಒಂದರ ಮೇಲೊಂದು ಸ್ವಲ್ಪ ಚಾಚಿಕೊಂಡಿರುವ ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೇರೆಯಾಗಿ ಓದಿ, ಕೊನೆಗೆ ಉತ್ತರಗಳನ್ನು ಜೋಡಿಸುತ್ತಾರೆ. ಎರಡು ತುಣುಕುಗಳ ಅಂಚಿನಲ್ಲಿ ಬಿದ್ದ ಅಳತೆ ಕೆಲವೊಮ್ಮೆ ಎರಡು ಸಲ ಎಣಿಕೆಯಾಗುತ್ತದೆ, ಕೆಲವೊಮ್ಮೆ ಅರ್ಧವಾಗಿ ಕತ್ತರಿಸಿಹೋಗುತ್ತದೆ. ಎಂಟು ಟ್ಯಾಪ್ ಹೋಲ್ ಇರುವ ಫ್ಲ್ಯಾಂಜ್‌ಗೆ ಹತ್ತು ಎಂದು ತೋರಿಸಿದಾಗ ನಮ್ಮ ಹುಡುಗರು ನಕ್ಕಿದ್ದರು, ಆದರೆ ಕಾರಣ ಇದೇ.

ಇಷ್ಟಾದರೂ ಓದುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ ಎಂದು ಒಪ್ಪಿಕೊಳ್ಳಬೇಕು. ಹಾಳೆಯ ಮೂಲೆಯ ಟೈಟಲ್ ಬ್ಲಾಕ್, ಪರಿಷ್ಕರಣೆಯ ಪಟ್ಟಿ, ಟಿಪ್ಪಣಿಗಳು, ಬೇರೆ ಬೇರೆ ವ್ಯೂಗಳು, ಇವನ್ನು ಬೇರ್ಪಡಿಸುವುದರಲ್ಲಿ ಅದು ತಪ್ಪುವುದು ಅಪರೂಪ. ಭಾಗದ ಸಂಖ್ಯೆ, ಪರಿಷ್ಕರಣೆಯ ಅಕ್ಷರ, ತೂಕ, ಮೇಲ್ಮೈ ಲೇಪನದ ಸೂಚನೆ ತಾವಾಗಿಯೇ ನಮ್ಮ ಪಟ್ಟಿಗೆ ಬಂದು ಕೂರುತ್ತವೆ. ಸಹಿಷ್ಣುತೆ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಮಿತಿ) ಬರೆಯದೆ ಬಿಟ್ಟ ಅಳತೆಗಳಿಗೆ ಹಾಳೆಯ ತಳದಲ್ಲಿರುವ ಐಎಸ್‌ಒ 2768 ಮಧ್ಯಮ ದರ್ಜೆ ಎಂಬ ಟಿಪ್ಪಣಿಯನ್ನು ಓದಿ, 30ರಿಂದ 120 ಮಿ.ಮೀ. ವರೆಗಿನ ಅಳತೆಗಳಿಗೆ ±0.3, 120ರಿಂದ 400ರ ವರೆಗಿನವಕ್ಕೆ ±0.5 ಎಂದು ಒಂದೊಂದಕ್ಕೂ ಸರಿಯಾಗಿ ಹಚ್ಚುತ್ತದೆ. ಮನುಷ್ಯ ಇದನ್ನು ಮಾಡಬಲ್ಲ. ಆದರೆ ಸಂಜೆ ಐದರ ಮೇಲೆ ನೂರಾರು ಅಳತೆಗಳಿಗೆ ಬೇಸರವಿಲ್ಲದೆ ಮಾಡುವುದಿಲ್ಲ.

ಈ ಪಟ್ಟಿಯಿಂದ ನಾವು ನಿರೀಕ್ಷಿಸದಿದ್ದ ಒಂದು ಲಾಭವೂ ಆಯಿತು. ಪ್ರತಿ ಅಳತೆಗೂ ವೃತ್ತದೊಳಗೆ ಸಂಖ್ಯೆ ಹಾಕಿ, ಅದೇ ಸಂಖ್ಯೆಯ ಕ್ರಮದಲ್ಲಿ ತಪಾಸಣೆಯ ಹಾಳೆ ಸಿದ್ಧಪಡಿಸುವ ಬಲೂನಿಂಗ್ ಕೆಲಸ ಗುಣಮಟ್ಟ ವಿಭಾಗದವರಿಗೆ ದೊಡ್ಡ ತಲೆನೋವು. ವಾಹನ ಉದ್ಯಮದ ಗ್ರಾಹಕರು ಪಿಪಿಎಪಿ ಕಡತ (ಉತ್ಪಾದನೆಗೆ ಮೊದಲು ಭಾಗಕ್ಕೆ ಒಪ್ಪಿಗೆ ಪಡೆಯುವ ದಾಖಲೆ) ಕೇಳಿದಾಗಲೆಲ್ಲ ಅವರು ಅರ್ಧ ದಿನ ಅದಕ್ಕೇ ಕೂರುತ್ತಿದ್ದರು. ಈಗ ಅದು ಡ್ರಾಯಿಂಗ್ ಓದುವುದರ ಜೊತೆಗೇ ಆಗಿಬಿಡುತ್ತದೆ. ಚಂದಾ ಹಣ ಅಂದಾಜು ವಿಭಾಗದ ಲೆಕ್ಕದಿಂದ ಹೋದರೂ ಹೆಚ್ಚು ಸಂತೋಷಪಟ್ಟವರು ಗುಣಮಟ್ಟ ವಿಭಾಗದವರೇ.

ಇನ್ನು ತಪ್ಪುಗಳ ವಿಷಯ. ಹ್ಯಾಚಿಂಗ್ ಗೆರೆಗಳ ಮೇಲೆ ಬರೆದ ಅಂಕಿಗಳು, ಲಂಬವಾಗಿ ತಿರುಗಿಸಿ ಬರೆದ ಅಂಕಿಗಳು, ಒಂದರ ಮೇಲೊಂದು ಚಿಕ್ಕದಾಗಿ ಬರೆದ ಮೇಲಿನ ಮತ್ತು ಕೆಳಗಿನ ಮಿತಿಗಳು ಇದಕ್ಕೆ ಕಷ್ಟ. ವ್ಯಾಸದ ಗುರುತನ್ನು ಸೊನ್ನೆ ಎಂದೋ ಆರು ಎಂದೋ ಓದುವುದುಂಟು. ಜರ್ಮನ್ ಡ್ರಾಯಿಂಗ್‌ಗಳಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ. ಅದು ಸ್ಕ್ಯಾನ್‌ನಲ್ಲಿ ಮಸುಕಾದರೆ 12,5 ಎನ್ನುವುದು 125 ಆಗುತ್ತದೆ. ಇಂತಹ ದೊಡ್ಡ ತಪ್ಪುಗಳು ನಿಜವಾಗಿ ಅಪಾಯಕಾರಿಯಲ್ಲ, ಏಕೆಂದರೆ ಭಾಗಕ್ಕಿಂತ ದೊಡ್ಡ ರಂಧ್ರ ಯಾರ ಕಣ್ಣಿಗಾದರೂ ಬೀಳುತ್ತದೆ. ಅಪಾಯವಿರುವುದು ಚಿಕ್ಕ ತಪ್ಪುಗಳಲ್ಲಿ.

ಒಂದು ಬೇರಿಂಗ್ ಹೌಸಿಂಗ್‌ನ ಉದಾಹರಣೆ ಕೊಡುತ್ತೇನೆ. ಅದರ 80 ಮಿ.ಮೀ. ಬೋರಿಗೆ (ಒಳಗಿನ ದುಂಡು ರಂಧ್ರಕ್ಕೆ) ಎಚ್7 ಎಂಬ ಸಹಿಷ್ಣುತೆಯ ಸಂಕೇತ ಬರೆಯುವ ಬದಲು ಗ್ರಾಹಕರು ಮಿತಿಗಳನ್ನೇ ನೇರವಾಗಿ, ಮೇಲೆ +0.03, ಕೆಳಗೆ 0 ಎಂದು ಬರೆದಿದ್ದರು. ಎರಡೂ ಒಂದೇ ಅರ್ಥ. ಹಾಳೆ ಮಡಚಿದ ಗೆರೆ ಸರಿಯಾಗಿ ಆ ಅಂಕಿಯ ಮೇಲೆಯೇ ಹಾದುಹೋಗಿದ್ದರಿಂದ ತಂತ್ರಾಂಶ ನಡುವಿನ ಸೊನ್ನೆಯನ್ನು ನುಂಗಿ +0.3 ಎಂದು ಓದಿತು. ನೂರರಲ್ಲಿ ಮೂರು ಪಾಲಿದ್ದದ್ದು ಹತ್ತರಲ್ಲಿ ಮೂರು ಪಾಲಾಯಿತು. ಹೀಗಾದಾಗ ಅದರ ಲೆಕ್ಕದಲ್ಲಿ ಫಿನಿಶ್ ಬೋರಿಂಗ್ ಬಿಟ್ಟುಹೋಯಿತು, ಬೋರ್ ಗೇಜ್ ಇಟ್ಟು ಪ್ರತಿ ತುಂಡನ್ನೂ ಅಳೆಯುವ ಸಮಯ ಬಿಟ್ಟುಹೋಯಿತು, ಉಪಕರಣದ ಸವೆತ ಕಡಿಮೆಯಾಯಿತು. ಭಾಗದ ಆಕಾರದಲ್ಲಾಗಲಿ ತೂಕದಲ್ಲಾಗಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ದರ ಮಾತ್ರ ಕಡಿಮೆ ಬಂತು, ಮತ್ತು ಕಡಿಮೆ ದರದ ಕೊಟೇಶನ್ನೇ ಆರ್ಡರ್ ಆಗಿ ಬರುವುದು. ಅಂದಾಜಿನ ಕೆಲಸದಲ್ಲಿ ತಪ್ಪುಗಳು ಎರಡೂ ಕಡೆಗೆ ಸಮನಾಗಿ ಬೀಳುವುದಿಲ್ಲ: ಹೆಚ್ಚು ಹೇಳಿದ ದರದಿಂದ ಕೆಲಸ ಕೈತಪ್ಪುತ್ತದೆ ಅಷ್ಟೆ, ಕಡಿಮೆ ಹೇಳಿದ ದರದಿಂದ ಕೆಲಸ ಬಂದು ವರ್ಷವಿಡೀ ನಷ್ಟ ಮಾಡುತ್ತದೆ.

ಈ ತಪ್ಪನ್ನು ತಂತ್ರಾಂಶವೇ ಎಚ್ಚರಿಸಬೇಕಿತ್ತಲ್ಲ ಎಂದು ಕೇಳಬಹುದು. ಓದಿದ ಪ್ರತಿ ಅಳತೆಗೂ ಅದು ಬಣ್ಣ ಹಚ್ಚುತ್ತದೆ: ಖಚಿತವಾದದ್ದಕ್ಕೆ ಹಸಿರು, ಸಂದೇಹವಿದ್ದರೆ ಹಳದಿ, ಓದಲಾಗದ್ದಕ್ಕೆ ಕೆಂಪು. ಹಳದಿ ಮತ್ತು ಕೆಂಪನ್ನು ಮಾತ್ರ ನೋಡಿದರೆ ಸಾಕು ಎಂದು ಮಾರಾಟದವರು ಹೇಳಿಕೊಟ್ಟಿದ್ದರು. ಮೇಲಿನ +0.3 ಹಸಿರು ಬಣ್ಣದಲ್ಲಿತ್ತು. ಅಂಕಿಯ ಆಕಾರ ಎಷ್ಟು ಸ್ಪಷ್ಟವಾಗಿ ಹೊಂದುತ್ತದೆ ಎಂಬುದರ ಮೇಲೆ ಆ ಬಣ್ಣ ನಿಂತಿದೆಯೇ ಹೊರತು, ಬೇರಿಂಗ್ ಕೂರುವ ಬೋರಿಗೆ 0.3 ಸಡಿಲ ಯಾರಾದರೂ ಬಿಡುತ್ತಾರೆಯೇ ಎಂಬ ಪ್ರಶ್ನೆಯ ಮೇಲಲ್ಲ. ಇತ್ತ, ಸರಿಯಾಗಿಯೇ ಓದಿದ ತ್ರಿಜ್ಯಗಳು ಓರೆಯಾಗಿ ಬರೆದಿದ್ದಕ್ಕೆ ಹಳದಿಯಾಗಿ ಕುಳಿತು ನಮ್ಮ ಹೊತ್ತು ತಿನ್ನುತ್ತವೆ. ಹಾಗಾಗಿ ನಾವು ಬಣ್ಣವನ್ನು ನಂಬುವುದನ್ನು ಬಿಟ್ಟು ನಮ್ಮದೇ ಕ್ರಮ ಮಾಡಿಕೊಂಡೆವು. ದರವನ್ನು ನಿರ್ಧರಿಸುವ ಅಳತೆಗಳು ಒಂದು ಭಾಗದಲ್ಲಿ ಆರೇಳಕ್ಕಿಂತ ಹೆಚ್ಚಿರುವುದಿಲ್ಲ. ಬಿಗಿಯಾದ ಬೋರ್‌ಗಳು, ಜ್ಯಾಮಿತೀಯ ಸಹಿಷ್ಣುತೆಯ ಚೌಕಗಳು, ಆರ್‌ಎ 1.6ಕ್ಕಿಂತ ನಯವಾದ ಮೇಲ್ಮೈಗಳು, ಇವನ್ನು ಬಣ್ಣ ಯಾವುದೇ ಇರಲಿ ಮೂಲ ಹಾಳೆಯ ಜೊತೆ ಇಟ್ಟು ನೋಡುತ್ತೇವೆ.

ಇದನ್ನು ಸುಲಭ ಮಾಡಿರುವ ಒಂದು ಸೌಲಭ್ಯಕ್ಕಾಗಿ ತಂತ್ರಾಂಶ ಮಾಡಿದವರನ್ನು ಮೆಚ್ಚಬೇಕು. ಪಟ್ಟಿಯಲ್ಲಿರುವ ಯಾವ ಅಂಕಿಯನ್ನು ಒತ್ತಿದರೂ ಡ್ರಾಯಿಂಗ್‌ನಲ್ಲಿ ಅದು ಎಲ್ಲಿಂದ ಬಂತೋ ಆ ಜಾಗ ದೊಡ್ಡದಾಗಿ ತೆರೆದುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಇಡೀ ತಂತ್ರಾಂಶದ ಜೀವ ಇರುವುದು ಈ ಒಂದು ಗುಂಡಿಯಲ್ಲಿ. ಕ್ಯಾಡ್‌ನಿಂದ ಬಂದ ಶುಚಿಯಾದ ಹಾಳೆಯಾದರೆ ಪರೀಕ್ಷೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಅಂದರೆ ಹಳೆಯ ಸಮಯದಲ್ಲಿ ಮೂರನೇ ಎರಡು ಪಾಲು ಉಳಿಯುತ್ತದೆ. ಹಳೆಯ ಟ್ರೇಸಿಂಗ್ ಹಾಳೆಯಿಂದ ತೆಗೆದ ಅಮೋನಿಯಾ ಪ್ರಿಂಟನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದು ಕಳಿಸಿದ್ದಾದರೆ ಪರೀಕ್ಷಿಸುವುದಕ್ಕಿಂತ ನಾವೇ ಮೊದಲಿನಿಂದ ಬರೆಯುವುದು ಲೇಸು. ಅಂತಹ ಹಾಳೆಗಳಲ್ಲಿ ಮೇಲ್ಮೈಯ ನಯವನ್ನು ಸೂಚಿಸಲು ಹಾಕುತ್ತಿದ್ದ ಹಳೆಯ ತ್ರಿಕೋನದ ಗುರುತುಗಳನ್ನು ಇದು ವೆಲ್ಡಿಂಗ್ ಚಿಹ್ನೆಯೆಂದು ತಿಳಿಯುತ್ತದೆ.

ವಸ್ತುವಿನ ಹೆಸರುಗಳ ಬಗ್ಗೆ ಒಂದು ಮಾತು. ನಾವು ಎಸ್‌ಜಿ 500/7 ಎನ್ನುವ ಎರಕದ ಕಬ್ಬಿಣವನ್ನು ಹಳೆಯ ಜರ್ಮನ್ ಹಾಳೆಗಳಲ್ಲಿ ಜಿಜಿಜಿ 50 ಎಂದು ಬರೆದಿರುತ್ತಾರೆ. ಇದನ್ನು ಅದು ಸರಿಯಾಗಿ ಹೊಂದಿಸುತ್ತದೆ. ಅಮೆರಿಕದವರು ಎಎಸ್‌ಟಿಎಂ ಎ536ರ ಪ್ರಕಾರ 65-45-12 ಎಂದು ಬರೆಯುತ್ತಾರೆ. ಅದರಲ್ಲಿ ಮೊದಲೆರಡು ಅಂಕಿಗಳು ಕರ್ಷಣ ಬಲ ಮತ್ತು ಯೀಲ್ಡ್ ಬಲವನ್ನು ಸಾವಿರ ಪೌಂಡ್‌ಗಳ ಲೆಕ್ಕದಲ್ಲಿ ಪ್ರತಿ ಚದರ ಇಂಚಿಗೆ, ಮೂರನೆಯದು ಹಿಗ್ಗುವಿಕೆಯನ್ನು ಶೇಕಡಾವಾರಿನಲ್ಲಿ ಹೇಳುತ್ತದೆ. ನಮ್ಮ ತಂತ್ರಾಂಶ ಒಮ್ಮೆ ಇದನ್ನು ಉದ್ದ, ಅಗಲ, ದಪ್ಪ ಎಂದು ತಿಳಿದು 65 ಮಿ.ಮೀ. ಉದ್ದದ ಕಚ್ಚಾ ತುಂಡನ್ನು ಸೂಚಿಸಿತ್ತು. ವಸ್ತು ಯಾವುದೆಂದು ಗೊತ್ತಾಗದಿದ್ದಾಗ ಅದು ತಾನಾಗಿಯೇ ಉಕ್ಕು ಎಂದು ಹಿಡಿಯುತ್ತದೆ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಉಕ್ಕಿನ ಸಾಂದ್ರತೆ 7.85, ಎಸ್‌ಜಿ ಕಬ್ಬಿಣದ್ದು 7.1ರ ಆಸುಪಾಸು, ತೂಕದ ಮೇಲೆ ದರ ಹೇಳುವ ಎರಕದ ವ್ಯಾಪಾರದಲ್ಲಿ ಈ ಹತ್ತು ಪ್ರತಿಶತವೇ ಲಾಭದ ಅಂಚು.

ಪ್ರೊಜೆಕ್ಷನ್, ಅಂದರೆ ಬೇರೆ ಬೇರೆ ಬದಿಯ ವ್ಯೂಗಳನ್ನು ಹಾಳೆಯಲ್ಲಿ ಜೋಡಿಸುವ ಕ್ರಮದ, ವಿಚಾರದಲ್ಲಿಯೂ ಇದಕ್ಕೆ ಒಂದು ಚಟವಿದೆ. ನಮ್ಮ ದೇಶದಲ್ಲಿ, ಯುರೋಪಿನಲ್ಲಿ ಫಸ್ಟ್ ಆ್ಯಂಗಲ್, ಅಮೆರಿಕದಲ್ಲಿ ಥರ್ಡ್ ಆ್ಯಂಗಲ್ ಎಂಬುದು ಡಿಪ್ಲೊಮಾದ ಮೊದಲ ವರ್ಷದ ಪಾಠ. ಟೈಟಲ್ ಬ್ಲಾಕಿನಲ್ಲಿ ತುದಿ ಕತ್ತರಿಸಿದ ಶಂಕುವಿನ ಗುರುತಿದ್ದರೆ ತಂತ್ರಾಂಶ ಸರಿಯಾಗಿ ತಿಳಿಯುತ್ತದೆ, ಇಲ್ಲದಿದ್ದರೆ ಥರ್ಡ್ ಆ್ಯಂಗಲ್ ಎಂದೇ ಹಿಡಿಯುತ್ತದೆ. ಇದರಿಂದ ತೂಕ ಬದಲಾಗುವುದಿಲ್ಲ. ಆದರೆ ಎಡಬದಿಯಲ್ಲಿರಬೇಕಾದ ಪಾಕೆಟ್ ಬಲಬದಿಗೆ ಹೋಗಿ ಕುಳಿತು, ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಯುವ ಕೆಲಸಕ್ಕೆ ಎರಡು ಸೆಟ್ಟಿಂಗ್ ಬೀಳುವುದನ್ನು ನೋಡಿದ್ದೇನೆ.

ಸೆಟ್ಟಿಂಗ್ ಎಂದಾಗ ದರದ ಲೆಕ್ಕಕ್ಕೇ ಬಂದಂತಾಯಿತು. ತಂತ್ರಾಂಶದ ಕ್ರಮ ಸರಳ: ತೆಗೆಯಬೇಕಾದ ಲೋಹದ ಗಾತ್ರ, ಆ ವಸ್ತುವಿಗೆ ಸಲ್ಲುವ ಕತ್ತರಿಸುವ ವೇಗ, ರಂಧ್ರಗಳ ಸಂಖ್ಯೆ ಇವುಗಳಿಂದ ಯಂತ್ರದ ಸಮಯವನ್ನು ಕಂಡುಕೊಂಡು, ಅದನ್ನು ಯಂತ್ರದ ಗಂಟೆಯ ದರದಿಂದ ಗುಣಿಸಿ, ಕಚ್ಚಾ ವಸ್ತು, ಮೇಲ್ವೆಚ್ಚ, ಲಾಭ ಸೇರಿಸುತ್ತದೆ. ಅದು ತನ್ನ ಜೊತೆಗೇ ತಂದಿದ್ದ ಗಂಟೆಯ ದರಗಳು ದೊಡ್ಡ ಊರುಗಳವು. ಅವನ್ನು ತೆಗೆದು ನಮ್ಮ ವಿಎಂಸಿ, ಸಿಎನ್‌ಸಿ, ಡ್ರಿಲ್ಲಿಂಗ್ ಯಂತ್ರಗಳ ದರಗಳನ್ನು ತುಂಬಿದ ಮೇಲೆಯೇ ಉತ್ತರ ನೋಡುವಂತಾಯಿತು. ಬಾರ್‌ನಿಂದ ಕಡೆಯುವ ಶಾಫ್ಟ್, ಪಿನ್, ಬುಷ್ ಮುಂತಾದ ದುಂಡನೆಯ ಭಾಗಗಳಲ್ಲಿ ಅದರ ಸಮಯದ ಅಂದಾಜು ನಮ್ಮ ಅನುಭವಕ್ಕೆ ಹತ್ತಿರವಿದೆ, ಅಷ್ಟರಮಟ್ಟಿಗೆ ನಂಬಬಹುದು. ಆದರೆ ಓರೆಕೋರೆ ಆಕಾರದ ಎರಕಗಳಲ್ಲಿ ಭಾಗವನ್ನು ಎಲ್ಲಿ ಹಿಡಿಯಬೇಕು, ಹಿಡಿದರೆ ತೆಳು ಗೋಡೆ ಬಾಗುತ್ತದೆಯೇ, ಅದನ್ನು ಹಿಡಿದಿಡುವ ಫಿಕ್ಸ್ಚರ್ ಹೊಸದಾಗಿ ಮಾಡಬೇಕೇ ಎಂಬ ಪ್ರಶ್ನೆಗಳೇ ಅದಕ್ಕೆ ಏಳುವುದಿಲ್ಲ. ಪರದೆಯ ಮೇಲೆ ಬಂದ ಸೈಕಲ್ ಟೈಮ್ ನೋಡಿದ ನಮ್ಮ ವಿಎಂಸಿ ಸೆಟ್ಟರ್ ಕೇಳಿದ ಪ್ರಶ್ನೆ, "ಸಾರ್, ಕ್ಲ್ಯಾಂಪ್ ಹಾಕೋಕೆ ಟೈಮ್ ಕೊಟ್ಟಿದೆಯಾ ಇದು, ಇಲ್ಲಾ ಜಾಬು ತಾನೇ ಹೋಗಿ ಕೂತ್ಕೊಳ್ಳುತ್ತಾ?" ಕೊಟ್ಟಿತ್ತು, ಎಲ್ಲ ಭಾಗಗಳಿಗೂ ಒಂದೇ ಸಮ.

ಎರಕದ ದರದ ವಿಷಯಕ್ಕೆ ಬಂದರೆ ತಂತ್ರಾಂಶದ ಜ್ಞಾನ ತೀರಾ ತೆಳು, ಮತ್ತು ಶಿವಮೊಗ್ಗದ ಓದುಗರಿಗೆ ಮುಖ್ಯವಾದುದೂ ಇದೇ. ಅದು ಕೇಳುವುದು ಕಿಲೋಗೆ ಎಷ್ಟು ರೂಪಾಯಿ ಎಂಬ ಒಂದೇ ಅಂಕಿಯನ್ನು. ಕಿಲೋ ದರ ಎಂಬುದು ಲೆಕ್ಕದ ಕೊನೆಗೆ ಬರುವ ಉತ್ತರ, ಅದನ್ನು ಮೊದಲೇ ಕೊಟ್ಟುಬಿಟ್ಟರೆ ತಂತ್ರಾಂಶಕ್ಕೆ ಉಳಿದ ಕೆಲಸವೇನು? ಮುಗಿದ ಎರಕ 12 ಕೆ.ಜಿ. ಇದ್ದು ಯೀಲ್ಡ್ (ಸುರಿದ ಲೋಹದಲ್ಲಿ ಎರಕವಾಗಿ ಉಳಿಯುವ ಪಾಲು) ಶೇಕಡಾ 60 ಇದ್ದರೆ, ಅಚ್ಚಿಗೆ ಲೋಹ ಹರಿಸುವ ರನ್ನರ್ ಮತ್ತು ಎರಕ ಕುಗ್ಗುವಾಗ ಲೋಹ ಒದಗಿಸುವ ರೈಸರ್ ಸೇರಿ 20 ಕೆ.ಜಿ. ಲೋಹವನ್ನು ಕರಗಿಸಿ ಸುರಿಯಬೇಕು. ಉಳಿದ 8 ಕೆ.ಜಿ. ಮತ್ತೆ ಕುಲುಮೆಗೇ ಹೋಗುತ್ತದೆ ನಿಜ, ಆದರೆ ಅದನ್ನು ಕರಗಿಸಿದ ವಿದ್ಯುತ್ ಮರಳಿ ಬರುವುದಿಲ್ಲ. ಇಂಡಕ್ಷನ್ ಕುಲುಮೆಗೆ ಟನ್ನಿಗೆ 600 ಯೂನಿಟ್‌ಗಳ ಆಸುಪಾಸು ಬೇಕು. ದಪ್ಪ ಮತ್ತು ತೆಳು ಭಾಗಗಳು ಸೇರುವಲ್ಲಿ ರೈಸರ್ ದೊಡ್ಡದಾಗಿ ಯೀಲ್ಡ್ ಇಳಿಯುತ್ತದೆ. ಒಳಗೆ ಟೊಳ್ಳಿದ್ದರೆ ಆ ಜಾಗವನ್ನು ಖಾಲಿ ಉಳಿಸುವ ಮರಳಿನ ಕೋರ್ ಬೇಕು, ಅದನ್ನು ಮಾಡಲು ಕೋರ್ ಬಾಕ್ಸ್ ಬೇಕು, ಕೋರ್ ಸರಿದರೆ ತಿರಸ್ಕೃತ ತುಂಡುಗಳು ಹೆಚ್ಚುತ್ತವೆ, ಕೋರ್ ಮರಳನ್ನು ಕೊರೆದು ತೆಗೆಯುವ ಫೆಟ್ಲಿಂಗ್ ಕೂಲಿ ಬೇರೆ. ಒಂದೇ ತೂಕದ ಎರಡು ಎರಕಗಳ ದರ ಒಂದಕ್ಕೊಂದು ಒಂದೂವರೆ ಪಟ್ಟಾಗುವುದು ಈ ಕಾರಣಗಳಿಂದ.

ಡ್ರಾಯಿಂಗ್‌ನಲ್ಲಿ ಒಳಗಿನ ಟೊಳ್ಳು ತುಂಡು ಗೆರೆಗಳಾಗಿಯೋ ಸೆಕ್ಷನ್ ಆಗಿಯೋ ಇರುತ್ತದೆ. ತಂತ್ರಾಂಶ ಆ ಗೆರೆಗಳನ್ನು ಸರಿಯಾಗಿ ಗುರುತಿಸುತ್ತದೆ. ಆದರೆ ಅದು ಕೋರ್ ಇಟ್ಟು ಎರಕದಲ್ಲಿಯೇ ಬರುವ ಟೊಳ್ಳೋ, ಡ್ರಿಲ್ ಹಾಕಿ ತೆಗೆಯುವ ರಂಧ್ರವೋ ಎಂಬುದು ಗೆರೆಯಲ್ಲಿ ಬರೆದಿರುವುದಿಲ್ಲ, ಅದನ್ನು ನಿರ್ಧರಿಸುವವರು ನಾವು. ನಮ್ಮಲ್ಲಿ ಸುಮಾರು 25 ಮಿ.ಮೀ.ಗಿಂತ ಚಿಕ್ಕದನ್ನು ಗಟ್ಟಿಯಾಗಿ ಎರೆದು ಕೊರೆಯುತ್ತೇವೆ, ದೊಡ್ಡದಕ್ಕೆ ಕೋರ್ ಇಡುತ್ತೇವೆ. ತಂತ್ರಾಂಶ ಪಂಪ್ ಬಾಡಿಯೊಂದರ 60 ಮಿ.ಮೀ. ಒಳಮಾರ್ಗವನ್ನು ಗಟ್ಟಿ ಲೋಹದಿಂದ ಕೊರೆದು ತೆಗೆಯುವುದೆಂದು ತಿಳಿದು ಯಂತ್ರದ ಸಮಯವನ್ನು ವಿಪರೀತ ಹೆಚ್ಚಿಸಿತು, ಕೋರ್‌ನ ಖರ್ಚನ್ನು ಪೂರ್ತಿಯಾಗಿ ಬಿಟ್ಟಿತು. ಒಂದು ಹೆಚ್ಚು, ಒಂದು ಕಡಿಮೆ. ಎರಡೂ ಪರಸ್ಪರ ಕಳೆದುಹೋಗಿ, ಒಟ್ಟು ಮೊತ್ತ ನಾವು ಕೈಯಿಂದ ಹಾಕಿದ ದರಕ್ಕೆ ಬಹಳ ಹತ್ತಿರ ಬಂದಿತ್ತು. ಡೆಮೊ ಕೊಡಲು ಬಂದವರು ಒಟ್ಟು ಮೊತ್ತವನ್ನು ಒಟ್ಟು ಮೊತ್ತದ ಪಕ್ಕದಲ್ಲಿಟ್ಟು ನಿಖರತೆ ಎಂದು ತೋರಿಸುವಾಗ ಇದು ನೆನಪಿರಬೇಕು. ನೂರು ತುಂಡಿನ ಆರ್ಡರಿನಲ್ಲಿ ಇಂತಹ ದರ ಹೇಗೋ ನಡೆದುಹೋಗಬಹುದು. ಗ್ರಾಹಕರು ಮಾತುಕತೆಗೆ ಕುಳಿತು, ಮೆಷಿನಿಂಗ್ ನಾವೇ ಮಾಡಿಕೊಳ್ಳುತ್ತೇವೆ, ಬರೀ ಎರಕ ಕೊಡಿ ಎಂದ ಕ್ಷಣ ಅದು ಕುಸಿಯುತ್ತದೆ.

ದರ ಲೆಕ್ಕಕ್ಕಿಂತ ನೂರು ಪಾಲು ಉಪಯುಕ್ತವಾದ ಸೌಲಭ್ಯ ಇನ್ನೊಂದಿದೆ, ಅದನ್ನು ಜಾಹೀರಾತಿನಲ್ಲಿ ಮೂಲೆಗೆ ಹಾಕಿದ್ದಾರೆ. ಹೊಸ ಡ್ರಾಯಿಂಗ್ ಹಾಕಿದಾಗ, ಆಕಾರದಲ್ಲಿ ಅದನ್ನು ಹೋಲುವ ನಮ್ಮದೇ ಹಳೆಯ ಡ್ರಾಯಿಂಗ್‌ಗಳನ್ನು ಹುಡುಕಿ ಪಕ್ಕದಲ್ಲಿ ತೋರಿಸುತ್ತದೆ. ಹೆಸರು, ಭಾಗದ ಸಂಖ್ಯೆ ಯಾವುದೂ ಹೊಂದಬೇಕಿಲ್ಲ. ವ್ಯೂಗಳ ರೂಪವನ್ನು ಅಂಕಿಗಳ ಸಾಲಾಗಿ ಮಾಡಿಟ್ಟುಕೊಂಡು ಹತ್ತಿರವಿರುವುದನ್ನು ಹೆಕ್ಕುತ್ತದೆ. ಬೇರೆ ಗ್ರಾಹಕರ ಬ್ರಾಕೆಟ್ ಒಂದಕ್ಕೆ ಹಿಂದೆ ನಾವು ಹೇಳಿದ್ದ ದರ, ಆಮೇಲೆ ನಿಜವಾಗಿ ತಗುಲಿದ ಸಮಯ, ತಿರಸ್ಕೃತವಾದ ತುಂಡುಗಳ ಪ್ರಮಾಣ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ. ಹಿರಿಯ ಅಂದಾಜುಗಾರರ ತಲೆಯಲ್ಲಿ ಮಾತ್ರ ಇದ್ದ, ಅವರು ನಿವೃತ್ತರಾದಾಗ ಅವರ ಜೊತೆಗೇ ಹೋಗುತ್ತಿದ್ದ ತಿಳಿವಳಿಕೆ ಇದು. ಇದಕ್ಕೆ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ ತುಂಬುವ ದುಡಿಮೆ ಬೇಕು. ನಮ್ಮಲ್ಲಿ ತರಬೇತಿಗೆ ಬಂದಿದ್ದ ಪಾಲಿಟೆಕ್ನಿಕ್ ಹುಡುಗರು ಆ ಕೆಲಸ ಮಾಡಿಕೊಟ್ಟರು.

ಮಲೆನಾಡಿನ ಸಣ್ಣ ವರ್ಕ್‌ಶಾಪ್‌ಗಳಿಗೆ ಇದು ಆದೀತೇ ಎಂದು ಕೆಲವರು ಕೇಳಿದ್ದಾರೆ. ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಸುಲಿಯುವ ಯಂತ್ರ ಮಾಡುವವರ, ರಿಪೇರಿ ಮಾಡುವವರ ಬಿಡಿಭಾಗಗಳ ಕೆಲಸ ನಮ್ಮಲ್ಲಿಗೂ ಆಗಾಗ ಬರುತ್ತದೆ. ಅವರ ಡ್ರಾಯಿಂಗ್ ಎಂದರೆ ಪಟ್ಟಿ ಪುಸ್ತಕದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಳೆದ ಚಿತ್ರ, ಇಂಚು ಮತ್ತು ನೂಲಿನ ಲೆಕ್ಕದಲ್ಲಿ ಅಳತೆ, ಬಾಣದ ಗುರುತಿನ ಪಕ್ಕ "ಇಲ್ಲಿ ವೆಲ್ಡ್ ಬೇಡ, ಬೋಲ್ಟ್ ಹಾಕಿ" ಎಂಬ ಕನ್ನಡದ ಒಕ್ಕಣೆ. ಅಂತಹ ಒಂದು ಹಾಳೆಯನ್ನು ಹಾಕಿ ನೋಡಿದಾಗ ತಂತ್ರಾಂಶ ಕನ್ನಡದ ಸಾಲನ್ನು ಮೇಲ್ಮೈ ಚಿಹ್ನೆಗಳ ಗುಂಪೆಂದು ತಿಳಿದು ಕೆಂಪು ಹಚ್ಚಿ ಬಿಟ್ಟಿತು. ಟೆಸೆರಾಕ್ಟ್‌ನಂತಹ ಉಚಿತ ತಂತ್ರಾಂಶವೇ ಕನ್ನಡದ ಅಚ್ಚಕ್ಷರ ಓದುತ್ತಿರುವಾಗ, ಹಣ ತೆಗೆದುಕೊಳ್ಳುವ ಇದು ಕನ್ನಡವನ್ನು ಅಕ್ಷರವೆಂದಾದರೂ ಗುರುತಿಸಬೇಕಿತ್ತು. ಸದ್ಯಕ್ಕೆ, ತಿಂಗಳಿಗೆ ಹತ್ತಾರು ಡ್ರಾಯಿಂಗ್ ಬರುವ ವರ್ಕ್‌ಶಾಪಿಗೆ ಇದು ಬೇಡವೇ ಬೇಡ.

ಗೋಪ್ಯತೆಯ ವಿಚಾರವನ್ನು ಸಹಿ ಹಾಕುವ ಮೊದಲೇ ಮುಗಿಸಿಕೊಳ್ಳಬೇಕು. ಡ್ರಾಯಿಂಗ್‌ಗಳು ಗ್ರಾಹಕರ ಸ್ವತ್ತು; ಅನುಮತಿಯಿಲ್ಲದೆ ಬೇರೆಯವರಿಗೆ ಕೊಡಬಾರದು ಎಂದು ಹಾಳೆಯ ಮೇಲೆಯೇ ಅಚ್ಚಾಗಿರುತ್ತದೆ, ಮತ್ತು ಈ ತಂತ್ರಾಂಶಕ್ಕೆ ಹಾಕುವುದೆಂದರೆ ಬೇರೊಬ್ಬರ ಸರ್ವರ್‌ಗೆ ಕಳಿಸುವುದೇ. ನಾವು ಹಾಕಿದ ಹಾಳೆಗಳಿಂದ ತಮ್ಮ ಜಾಲಕ್ಕೆ ತರಬೇತಿ ಕೊಡಬಾರದು ಎಂಬ ಷರತ್ತನ್ನು ಕೇಳಿ ಬರೆಸಿಕೊಂಡೆವು. ಇಬ್ಬರು ಗ್ರಾಹಕರು ಆದರೂ ಒಪ್ಪಲಿಲ್ಲ, ಅವರ ಕೆಲಸ ಇಂದಿಗೂ ಕೈಯಿಂದಲೇ. ನಮ್ಮ ಕಟ್ಟಡದಲ್ಲಿಯೇ ಇಟ್ಟುಕೊಳ್ಳುವ ಸರ್ವರ್‌ನ ಆವೃತ್ತಿಯೂ ಇದೆಯಂತೆ, ಅದರ ಬೆಲೆ ಕೇಳಿ ಸುಮ್ಮನಾದೆವು. ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ಫೈಬರ್ ಕೇಬಲ್ ತುಂಡಾದ ದಿನ ಇದು ಇದ್ದೂ ಇಲ್ಲದಂತೆ. ಸಹಾಯಕ್ಕೆ ಫೋನ್ ಮಾಡಿದರೆ ಬೆಂಗಳೂರಿನಿಂದ ಕನ್ನಡದಲ್ಲಿಯೇ ಉತ್ತರಿಸುತ್ತಾರೆ, ತಾಳ್ಮೆಯಿಂದ ಕೇಳುತ್ತಾರೆ. ಆ ವಿಷಯದಲ್ಲಿ ದೂರಿಲ್ಲ.

ಬೆಲೆಯ ಮಾತು: ಒಂದು ಲಾಗಿನ್‌ನ ಚಂದಾ, ಅದರ ಮೇಲಿನ ಶೇಕಡಾ 18 ಜಿಎಸ್‌ಟಿ ಸೇರಿ, ಹೊಸದಾಗಿ ಕೆಲಸಕ್ಕೆ ಸೇರಿದ ಡಿಪ್ಲೊಮಾ ಹುಡುಗನ ಸಂಬಳದ ಅರ್ಧಕ್ಕಿಂತ ತುಸು ಹೆಚ್ಚಾಗುತ್ತದೆ. ಕೊಳ್ಳಬೇಕೆಂದಿರುವವರು ಡೆಮೊದ ದಿನ ಅವರು ತಂದ ಡ್ರಾಯಿಂಗ್‌ಗಳನ್ನು ನೋಡುತ್ತ ಕೂರದೆ, ತಮ್ಮ ಕಪಾಟಿನಲ್ಲಿರುವ ತೀರಾ ಕೆಟ್ಟ ಸ್ಕ್ಯಾನ್ ಒಂದನ್ನೂ, ಕೋರ್ ಇರುವ ಎರಕವೊಂದನ್ನೂ, ಈಗಾಗಲೇ ಮಾಡಿ ಮುಗಿಸಿ ನಿಜವಾದ ಖರ್ಚು ಗೊತ್ತಿರುವ ಭಾಗವೊಂದನ್ನೂ ಕೊಟ್ಟು, ಒಟ್ಟು ಮೊತ್ತವನ್ನು ಬಿಟ್ಟು ಸಾಲು ಸಾಲಾಗಿ ಹೋಲಿಸಲಿ. ನಾವು ಎರಡನೆಯ ವರ್ಷಕ್ಕೆ ಓದುವ ಭಾಗ ಮತ್ತು ಹಳೆಯ ಡ್ರಾಯಿಂಗ್ ಹುಡುಕುವ ಭಾಗಗಳನ್ನಷ್ಟೇ ಮುಂದುವರಿಸಿ, ದರ ಲೆಕ್ಕದ ಭಾಗವನ್ನು ಕೈಬಿಟ್ಟಿದ್ದೇವೆ. ಓದಿದ ಅಳತೆಗಳ ಪಟ್ಟಿ ಈಗ ನೇರವಾಗಿ ನಮ್ಮ ಎಕ್ಸೆಲ್ ಹಾಳೆಗೆ ಬಂದು ಬೀಳುತ್ತದೆ. ಕೋರ್, ಯೀಲ್ಡ್, ಸೆಟ್ಟಿಂಗ್, ಫಿಕ್ಸ್ಚರ್‌ಗಳ ಕಲಮುಗಳನ್ನು ಅದರಲ್ಲಿ ನಾವೇ ತುಂಬುತ್ತೇವೆ.